ಚಂಡೀಗಢ ಎರಡೂವರೆ ದಿನ: ಕ್ಯಾಪಿಟಲ್ ಟೂರ್, ರೂಮು, ಊಟ ಎಲ್ಲದರ ರಿವ್ಯೂ

ದಸರಾ ರಜೆಗೆ ಶಿವಮೊಗ್ಗದಿಂದ ಕಾರಲ್ಲಿ ಕುಲು ತನಕ ಹೋಗ್ ಬಂದ್ವಿ ಅಂದಾಗಿಂದ ದುರ್ಗಿಗುಡಿಲಿ ಸಿಕ್ಕೋರೆಲ್ಲ ಕೇಳೋದು ಒಂದೇ, ಚಂಡೀಗಢದಲ್ಲಿ ಎರಡು ದಿನ ಯಾಕೆ ನಿಂತ್ರಿ ಮಾರಾಯ್ರೆ, ಅಲ್ಲೇನಿದೆ, ರಾತ್ರಿ ಮಲ್ಗಿ ಬೆಳಿಗ್ಗೆ ಎದ್ದು ಹೋಗೋ ಊರಲ್ವಾ ಅದು ಅಂತ. ಎಲ್ರಿಗೂ ಬೇರೆ ಬೇರೆ ಹೇಳಿ ಸಾಕಾಯ್ತು, ಒಂದೇ ಸಲ ಬರ್ದ್ ಹಾಕ್ತಾ ಇದೀನಿ. ಉದ್ದ ಇದೆ, ಟೈಮ್ ಇದ್ದೋರು ಓದಿ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ, ನಾನು ಈಗ ವಿನೋಬನಗರದಲ್ಲಿದ್ರೂ ಹುಟ್ಟಿ ಬೆಳೆದಿದ್ದು ಭದ್ರಾವತಿ ಫ್ಯಾಕ್ಟರಿ ಕ್ವಾರ್ಟರ್ಸಲ್ಲಿ. ಹಂಗಾಗಿ ಸಾಲಾಗಿ ಒಂದೇ ಥರ ಮನೆ, ನೆಟ್ಟಗಿರೋ ರಸ್ತೆ, ರಸ್ತೆ ಪಕ್ಕ ಸರ್ಕಾರ ನೆಟ್ಟ ಮರ, ಇದೆಲ್ಲ ನಂಗೆ ಫಾರಿನ್ ಥರ ಕಾಣಲ್ಲ. ಮನೆ ಥರ ಕಾಣುತ್ತೆ. ನನ್ನ ಹೆಂಡ್ತಿ ಸಾಗರದ ಕಡೆಯೋಳು, ಅವಳ ತಾಯಿನೂ ಜೊತೆಗಿದ್ರು, ಎಂಟನೇ ಕ್ಲಾಸ್ ಮಗ ಒಬ್ಬ. ನಾಲ್ಕ್ ಜನ, ಒಂದ್ ಕಾರು, ಡಿಕ್ಕಿಲಿ ಎರಡ್ ಕೆಜಿ ಅವಲಕ್ಕಿ, ಕಷಾಯದ ಪುಡಿ, ಒಂದ್ ದೊಡ್ಡ ಬಾಟ್ಲಿ ಅಪ್ಪೆಮಿಡಿ ಉಪ್ಪಿನಕಾಯಿ.

ಹರಿಹರಕ್ಕೆ ಹೋಗಿ ಹೈವೇ ಹಿಡಿದ್ರೆ ಪುಣೆ, ನಾಸಿಕ್, ಇಂದೋರ್, ಗ್ವಾಲಿಯರ್, ಆಗ್ರಾ. ದೆಹಲಿ ದಾಟಿ ಪಾಣಿಪತ್, ಕರ್ನಾಲ್, ಅಂಬಾಲ. ಐದನೇ ದಿನ ಸಂಜೆ ಜೀರಕ್‌ಪುರ ಅನ್ನೋ ಜಾಗದಲ್ಲಿ ಟ್ರಾಫಿಕ್‌ಗೆ ಸಿಕ್ಕಾಕೊಂಡ್ವಿ ನೋಡಿ, ಮುಕ್ಕಾಲು ಗಂಟೆ, ನಾಲ್ಕೂ ಕಡೆ ಹಾರ್ನು, ಫ್ಲೈಓವರು, ಮದುವೆ ಹಾಲು, ಅಪಾರ್ಟ್‌ಮೆಂಟು, ಧೂಳು. ಅಲ್ಲಿಂದ ಸ್ವಲ್ಪ ದೂರ ಬಂದು ಒಂದು ದೊಡ್ಡ ವೃತ್ತ ದಾಟ್ತಿದ್ದ ಹಾಗೆ ಯಾರೋ ಟಿವಿ ಮ್ಯೂಟ್ ಮಾಡ್ದಂಗಾಯ್ತು. ಅಗಲ ರಸ್ತೆ, ಎರಡೂ ಕಡೆ ಮರ, ಊರೇ ಕಾಣ್ತಿಲ್ಲ. ಅತ್ತೆ ಹಿಂದಿನ ಸೀಟಿಂದ, "ಕಾಡಿಗೆ ಬಂದ್ವಾ?" ಅಂದ್ರು. ನಮ್ ಕಡೆ ಹಂಗೇ ಅಲ್ವಾ, ರಸ್ತೇಲಿ ಮನೆ ಕಾಣ್ಲಿಲ್ಲ ಅಂದ್ರೆ ಆಗುಂಬೆನೋ ಹುಲಿಕಲ್ಲೋ ಹತ್ರ ಬಂತು ಅಂತ ಅರ್ಥ.

ಆದ್ರೆ ಊರು ಅಲ್ಲೇ ಇತ್ತು, ಮರದ ಹಿಂದೆ. ಆಮೇಲೆ ಗೊತ್ತಾಯ್ತು, ಅದು ಬೇಕಂತಲೇ ಮಾಡಿರೋದು. ಊರನ್ನ ಸೆಕ್ಟರ್ ಅಂತ ಚೌಕ ಚೌಕವಾಗಿ ಕತ್ತರಿಸಿದಾರೆ, ಒಂದೊಂದು 800 ಮೀಟರ್ ಅಗಲ, 1200 ಮೀಟರ್ ಉದ್ದ. ಸೆಕ್ಟರ್ ಸುತ್ತ ಹೋಗೋ ಸ್ಪೀಡ್ ರಸ್ತೆಗೆ ಯಾವ ಮನೆ ಬಾಗಿಲೂ ತೆರೆಯಂಗಿಲ್ಲ, ಎಲ್ಲಾ ಮನೆ ಮುಖ ಒಳಗಡೆಗೆ. ರಸ್ತೆಗಳಿಗೂ ವಿ-1ರಿಂದ ವಿ-7ರ ತನಕ ಗ್ರೇಡ್ ಇದೆ, ಹೈವೇಯಿಂದ ಹಿಡ್ದು ಪಾರ್ಕೊಳಗಿನ ಕಾಲ್ದಾರಿ ತನಕ. ಅಂಗಡಿ ಸಾಲು ಇರೋದು ವಿ-4, ಅದೊಂದೇ ಸ್ವಲ್ಪ ಸೊಟ್ಟಗೆ ಸೆಕ್ಟರ್ ನಡುವೆ ಹಾದು ಹೋಗುತ್ತೆ. ಹೊಸಬರಿಗೆ ಇದರಿಂದ ಆಗೋ ತೊಂದ್ರೆ ಏನಂದ್ರೆ ಎಲ್ಲಾ ಸರ್ಕಲ್ಲೂ ಒಂದೇ ಥರ ಕಾಣುತ್ತೆ. ನಮ್ಮಲ್ಲಿ ಗೋಪಿ ಸರ್ಕಲ್ ಅಂದ್ರೆ ಒಂದು ಮುಖ ಇದೆ, ಶಿವಪ್ಪ ನಾಯಕ ಸರ್ಕಲ್ ಅಂದ್ರೆ ಒಂದು ಮುಖ ಇದೆ. ಅಲ್ಲಿ ಮರ, ಹುಲ್ಲು, ವೃತ್ತ, ಮತ್ತೆ ಮರ, ಹುಲ್ಲು, ವೃತ್ತ. ಒಂದೇ ವೃತ್ತಕ್ಕೆ ಮೂರು ಸಲ ಬಂದ್ವಿ ಅಂತ ಮಗ ಹೇಳ್ತಾನೆ, ನಾನು ಎರಡು ಅಂತೀನಿ. ದಾರಿ ಕೇಳಿದ್ರೆ "ಅಗ್ಲಾ ಲೈಟ್ ಪಾಯಿಂಟ್ ಸೇ ಲೆಫ್ಟ್" ಅಂತಾರೆ, ಲೈಟ್ ಪಾಯಿಂಟ್ ಅಂದ್ರೆ ಸಿಗ್ನಲ್ಲು, ನಾವು ಯಾವ್ದೋ ಅಂಗಡಿ ಇರ್ಬೇಕು ಅಂತ ಹುಡುಕ್ತಾ ಹೋದ್ವಿ.

ರೂಮಿನ ವಿಷಯ. ಹೆಸರು ಬೇಡ, ದಕ್ಷಿಣದ ಕಡೆ ಒಂದು ಸೆಕ್ಟರಲ್ಲಿ ಮನೆಯನ್ನೇ ಗೆಸ್ಟ್ ಹೌಸ್ ಮಾಡಿರೋ ಜಾಗ. ಫೋಟೋದಲ್ಲಿ ತೋರ್ಸಿದ ಬಾಲ್ಕನಿ ಇತ್ತು, ಆದ್ರೆ ಅದು ನಮ್ ರೂಮಿಂದಲ್ಲ, ಮೇಲಿನ ಮನೆ ಓನರ್‌ದು. ಬಿಸಿನೀರು ಬೆಳಿಗ್ಗೆ ಆರಕ್ಕೆ ಅಂದ್ರು, ಏಳೂವರೆಗೆ ಬಂತು. ಕಾರ್ ಪಾರ್ಕಿಂಗ್ "ಅವೈಲಬಲ್" ಅಂತ ಬರ್ದಿದ್ರು, ಅವೈಲಬಲ್ ಹೌದು, ಮನೆ ಮುಂದಿನ ರಸ್ತೇಲಿ, ಪಕ್ಕದ ಮನೆ ಅಂಕಲ್ ಹೊರಗೆ ಬಂದು ನೋಡೋವರೆಗೂ. ಕೆಎ-14 ನಂಬರ್ ಪ್ಲೇಟ್ ನೋಡಿ ಅವರು ಇದು ಯಾವ ಕಡೆ ಅಂತ ಕೇಳಿದ್ರು, ಜೋಗ್ ಫಾಲ್ಸ್ ಅಂದೆ, ಮುಖ ಅರಳ್ತು, ಅವರ ಗೇಟ್ ಪಕ್ಕನೇ ಜಾಗ ಮಾಡಿ ಕೊಟ್ರು. ಶಿವಮೊಗ್ಗ ಅಂದ್ರೆ ಅರ್ಥ ಆಗ್ತಿರ್ಲಿಲ್ಲ ಬಿಡಿ. ಬೆಡ್‌ಶೀಟ್ ಕ್ಲೀನ್ ಇತ್ತು, ಅಲ್ಲಿ ಕೆಲ್ಸಕ್ಕಿದ್ದ ಹುಡುಗ ಚಿನ್ನದಂಥವ್ನು, ಅವನಿಗೋಸ್ಕರ ಅರ್ಧ ಸ್ಟಾರ್ ಜಾಸ್ತಿ. ರೂಮಿಗೆ ಐದಕ್ಕೆ ಎರಡೂವರೆ, ಹುಡುಗಂದೂ ಸೇರ್ಸಿ ಮೂರು.

ಈಗ ಮುಖ್ಯ ವಿಷಯ, ಕ್ಯಾಪಿಟಲ್ ಕಾಂಪ್ಲೆಕ್ಸ್ ಟೂರು. ಚಂಡೀಗಢಕ್ಕೆ ಹೋಗಿ ಇದನ್ನ ನೋಡ್ದೇ ಬರೋರು ಸುಮಾರು ಜನ, ಯಾಕಂದ್ರೆ ಅದು ಟಿಕೆಟ್ ತಗೊಂಡು ಸೀದಾ ನುಗ್ಗೋ ಜಾಗ ಅಲ್ಲ. ಹೈಕೋರ್ಟು, ವಿಧಾನಸಭೆ, ಸೆಕ್ರೆಟರಿಯೇಟ್ ಮೂರೂ ಅಲ್ಲೇ ಇರೋದು, ಅದೂ ಪಂಜಾಬ್, ಹರಿಯಾಣ ಎರಡೂ ರಾಜ್ಯದ್ದು, ಕೈಲಿ ಗನ್ ಹಿಡ್ದ ಜವಾನರು ಇರ್ತಾರೆ. ಸೆಕ್ಟರ್ 1ರ ಟೂರಿಸ್ಟ್ ಸೆಂಟರ್‌ಗೆ ಹೋಗಿ ಐಡಿ ತೋರ್ಸಿ ಹೆಸರು ಬರೆಸ್ಬೇಕು, ಅವರೇ ಗೈಡ್ ಜೊತೆ ಗುಂಪಾಗಿ ಕರ್ಕೊಂಡ್ ಹೋಗ್ತಾರೆ. ದುಡ್ಡಿಲ್ಲ, ಫ್ರೀ. ನಾವು ಬೆಳಿಗ್ಗೆ ಹತ್ತರ ಗುಂಪಿಗೆ ಸೇರಿದ್ವಿ, ವೀಕ್‌ಡೇ ಹೋಗಿ, ಒರಿಜಿನಲ್ ಆಧಾರ್ ಇಟ್ಕೊಳ್ಳಿ. ಹೆಂಡ್ತಿ ಆಧಾರ್ ರೂಮಲ್ಲಿ ಬಿಟ್ ಬಂದಿದ್ಲು, ಫೋನಲ್ಲಿದ್ದ ಡಿಜಿಲಾಕರ್ ತೋರ್ಸಿ ಬಚಾವ್ ಆದ್ವಿ.

ಕತೆ ಚಿಕ್ಕದಾಗಿ ಹೇಳ್ತೀನಿ. 1947ರಲ್ಲಿ ಪಂಜಾಬ್ ಒಡೀತು, ಲಾಹೋರ್ ಆ ಕಡೆ ಹೋಯ್ತು, ಈ ಕಡೆ ಪಂಜಾಬಿಗೆ ರಾಜಧಾನಿನೇ ಇಲ್ಲ, ಶಿಮ್ಲಾದಲ್ಲಿ ಟೆಂಪರರಿ ಆಫೀಸು. ನೆಹರು ಹೊಸ ಊರೇ ಕಟ್ಟೋಣ ಅಂದ್ರು. ಮೊದಲ ಪ್ಲಾನ್ ಆಲ್ಬರ್ಟ್ ಮೇಯರ್ ಮತ್ತೆ ಮ್ಯಾಥ್ಯೂ ನೊವಿಟ್ಸ್ಕಿದು, 1950ರಲ್ಲಿ ನೊವಿಟ್ಸ್ಕಿ ವಿಮಾನ ದುರಂತದಲ್ಲಿ ತೀರ್ಕೊಂಡ್ರು, ಆಮೇಲೆ ಫ್ರೆಂಚ್ ಆರ್ಕಿಟೆಕ್ಟ್ ಲ ಕಾರ್ಬುಸಿಯೆ ಬಂದ್ರು. ಜೊತೆಗೆ ಅವರ ಕಸಿನ್ ಪಿಯರ್ ಜಾನರೆ, ಇಂಗ್ಲೆಂಡಿನ ಗಂಡ ಹೆಂಡತಿ ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ. 1966ರ ನವೆಂಬರ್ 1ಕ್ಕೆ ಹರಿಯಾಣ ಬೇರೆ ಆದಾಗ ಊರು ಯಾರಿಗೆ ಅಂತ ಜಗಳ, ಕೊನೆಗೆ ಕೇಂದ್ರಾಡಳಿತ ಪ್ರದೇಶ ಮಾಡಿ ಇಬ್ರಿಗೂ ರಾಜಧಾನಿ ಅಂತ ಬಿಟ್ರು. ನವೆಂಬರ್ 1 ಅಂದಿದ್ದೇ ತಡ ನನ್ ಮಗ ಜೋರಾಗಿ "ರಾಜ್ಯೋತ್ಸವ!" ಅಂದ, ಗೈಡ್‌ಗೆ ಏನೂ ಅರ್ಥ ಆಗ್ಲಿಲ್ಲ. ನಮ್ದು ಅದಕ್ಕಿಂತ ಹತ್ ವರ್ಷ ಮುಂಚೆ 1956ರಲ್ಲಿ ಕೂಡಿದ್ದು, ಅವರದ್ದು ಒಡೆದಿದ್ದು, ತಾರೀಖು ಒಂದೇ.

ಹೈಕೋರ್ಟ್ ಮುಂದೆ ನಿಂತಾಗ ನಿಜ ಹೇಳ್ತೀನಿ ಮೊದ್ಲು ಇಷ್ಟ ಆಗ್ಲಿಲ್ಲ. ಬರೀ ಕಾಂಕ್ರೀಟು, ಬಾಗಿಲಲ್ಲಿ ಹಸಿರು ಹಳದಿ ಕೆಂಪು ಬಳಿದಿರೋ ಮೂರು ದೈತ್ಯ ಕಂಬ. ಇದೇ ಬಿಲ್ಡಿಂಗನ್ನ ಆಗುಂಬೇಲಿ ಕಟ್ಟಿದ್ರೆ ಒಂದೇ ಮಳೆಗಾಲಕ್ಕೆ ಪಾಚಿ ಹಿಡ್ದು ಕರ್ರಗಾಗಿರೋದು ಅಂದೆ. ಅತ್ತೆ ಮಾತ್ರ ತಲೆ ಎತ್ತಿ ಸೂರು ನೋಡ್ತಾ ಇದ್ರು. ಅಲ್ಲಿ ಮಾಡು ಎರಡಿದೆ, ಕೆಳಗೆ ಕೋರ್ಟಿನ ನಿಜವಾದ ಮಾಡು, ಅದರ ಮೇಲೆ ಕೊಡೆ ಹಿಡ್ದಂಗೆ ಬಾಗಿರೋ ಇನ್ನೊಂದು, ನಡುವೆ ಗಾಳಿ ಆಡೋಕೆ ಜಾಗ. ಬಿಸಿಲು ಮೇಲಿನದಕ್ಕೆ ಬಡಿಯುತ್ತೆ, ಕೆಳಗೆ ತಂಪು. ಅತ್ತೆ ಹೇಳಿದ್ದು, "ಎಂತ ಹೊಸದು, ಹೆಂಚಿನ ಮನೆ ಅಟ್ಟ ಇರೋದೂ ಇದಕ್ಕೇ ಅಲ್ದಾ." ಅಸೆಂಬ್ಲಿ ಮುಂದಿನ ಚಾವಣಿ ಇದೆಯಲ್ಲ, ಮೇಲಕ್ಕೆ ಬಾಯಿ ಬಿಟ್ಟ ದೋಣಿ ಥರ, ಅದೂ ಹಂಗೇ, ಅಡಿಕೆ ದಬ್ಬೆ ಸೀಳಿ ಸೂರಿನ ನೀರಿಗೆ ಕಟ್ತೀವಲ್ಲ, ಅದನ್ನೇ ಕಾಂಕ್ರೀಟಲ್ಲಿ ದೊಡ್ಡದು ಮಾಡಿ ಕೂರ್ಸಿದಂಗೆ. ಗುಂಪಲ್ಲಿ ಆರ್ಕಿಟೆಕ್ಚರ್ ಓದೋ ಹುಡುಗ್ರು ನಾಲ್ಕೈದು ಜನ ಇದ್ರು, ದಬ್ಬೆ ಅಂದ್ರೇನು ಅಂತ ನನ್ನ ಹರಕು ಹಿಂದೀಲಿ ವಿವರ್ಸೋಕೆ ಐದು ನಿಮಿಷ ಹೋಯ್ತು, ಗೈಡ್ ವಾಚ್ ನೋಡ್ಕೊಂಡ.

ಅಸೆಂಬ್ಲಿ ಒಳಗೆ ಬಿಟ್ರು, ಫೋನ್ ಬ್ಯಾಗ್ ಹೊರಗೆ. ಕಂಬಗಳ ಕಾಡು, ಅರ್ಧ ಕತ್ತಲು, ಎಲ್ಲಿಂದಲೋ ಇಳಿಯೋ ಬೆಳಕು. ದಟ್ಟ ತೋಟದೊಳಗೆ ಮಧ್ಯಾಹ್ನ ನಡೆದಂಗೆ, ನಂಗೆ ಇಡೀ ಟ್ರಿಪ್ಪಲ್ಲಿ ಮೈ ಜುಮ್ ಅಂದಿದ್ದು ಇಲ್ಲೇ. ಪಂಜಾಬಿನೋರು ಕೂರೋ ಸಭಾಂಗಣ ದೊಡ್ಡ ಕೂಲಿಂಗ್ ಟವರ್ ಆಕಾರದ ಗೋಪುರದ ಕೆಳಗೆ, ಹರಿಯಾಣದೋರದ್ದು ಪಿರಮಿಡ್ ಕೆಳಗೆ, ಒಂದೇ ಸೂರಿನಡಿ ಎರಡು ಸರ್ಕಾರ. ಕಾರ್ಬುಸಿಯೆ ತಾವೇ ಚಿತ್ರ ಬರ್ದ ಎನಾಮಲ್ ಬಾಗಿಲು ಒಂದಿದೆ, ಫ್ರಾನ್ಸ್ ಕೊಟ್ಟ ಗಿಫ್ಟು. ಸೆಕ್ರೆಟರಿಯೇಟ್ ಕಾಲು ಕಿಲೋಮೀಟರ್ ಉದ್ದ, ಅದು ಎಲ್ಲಾ ಸೆಕ್ರೆಟರಿಯೇಟ್ ಥರನೇ, ಹೊರಗಿಂದ ನೋಡಿದ್ರೆ ಸಾಕು.

ಓಪನ್ ಹ್ಯಾಂಡ್ ಅಂತ ಬಿಚ್ಚಿದ ಕೈ ಆಕಾರದ ಊರಿನ ಗುರುತು ಇದೆಯಲ್ಲ, ಕಾರ್ಬುಸಿಯೆದೇ ಡಿಸೈನು, 26 ಮೀಟರ್ ಎತ್ತರ, ಗಾಳಿಗೆ ತಿರುಗುತ್ತೆ. ಕಾರ್ಬುಸಿಯೆ 1965ರಲ್ಲಿ ತೀರ್ಕೊಂಡ್ರು, ಕೈ ನಿಂತಿದ್ದು 1985ಕ್ಕೆ. ನಾವು ಹೋದಾಗ ಗಾಳಿನೇ ಇರ್ಲಿಲ್ಲ, ಕೈ ಅಲ್ಲಾಡ್ಲಿಲ್ಲ, ಮಗ ಹತ್ತು ನಿಮಿಷ ಕಾದು ಬೇಜಾರಾದ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಇದು, ಆದ್ರೆ ಕಟ್ಟಡ ಕಟ್ಟಡದ ನಡುವೆ ನಡೆಯೋ ಬಯಲಿದೆಯಲ್ಲ, ನೆರಳಿಲ್ಲ, ಕುಡಿಯೋ ನೀರು ಹುಡುಕ್ಬೇಕು, ಕೂರೋಕೆ ಬೆಂಚಿಲ್ಲ. ಅಕ್ಟೋಬರಲ್ಲೇ ಅತ್ತೆ ಸುಸ್ತಾದ್ರು, ಮೇ ತಿಂಗಳಲ್ಲಿ ವಯಸ್ಸಾದೋರನ್ನ ಕರ್ಕೊಂಡ್ ಹೋಗೋ ಸಾಹಸ ಬೇಡ. ನೆರಳು ಹೆಂಗೆ ಬೀಳುತ್ತೆ ಅಂತ ತೋರ್ಸೋಕೇ 'ಟವರ್ ಆಫ್ ಶ್ಯಾಡೋಸ್' ಅಂತ ಒಂದು ಕಟ್ಟಿದಾರೆ, ಆ ಇಡೀ ಬಯಲಲ್ಲಿ ನಾವು ಕೂತಿದ್ದು ಅದರೊಳಗೆ ಮಾತ್ರ. ಟೂರಿಗೆ ಐದಕ್ಕೆ ನಾಲ್ಕೂವರೆ, ಅರ್ಧ ನೀರಿಗೆ ಕಟ್.

ಮಧ್ಯಾಹ್ನ ಸೆಕ್ಟರ್ 22ಕ್ಕೆ ಬಂದ್ವಿ ಊಟಕ್ಕೆ. ಛೋಲೆ ಭಟೂರೆ ತಿಂದು ಲಸ್ಸಿ ಕುಡಿದ್ರೆ ಸಂಜೆ ತನಕ ಏನೂ ಬೇಡ, ಲಸ್ಸಿ ಲೋಟ ಅಂದ್ರೆ ನಮ್ಮಲ್ಲಿ ಹೂವಿನ ಗಿಡ ನೆಡ್ಬಹುದು ಅಷ್ಟು ದೊಡ್ಡದು. ರೇಟ್ ಶಿವಮೊಗ್ಗಕ್ಕಿಂತ ಜಾಸ್ತಿ ಅಂತ ಅನಿಸ್ಲಿಲ್ಲ. ಅತ್ತೆ ಅನ್ನ ಬೇಕು ಅಂದ್ರು, ರಾಜ್ಮಾ ಚಾವಲ್ ಸಿಕ್ತು, ಅದಕ್ಕೆ ಬ್ಯಾಗಿಂದ ಅಪ್ಪೆಮಿಡಿ ತೆಗೆದು ಹಾಕ್ಕೊಂಡ್ರು. ಪಕ್ಕದ ಟೇಬಲ್ ಸರ್ದಾರ್ಜಿ ಮೂಗು ಅರಳಿಸಿ ನೋಡಿದ್ರು, ಒಂದ್ ಮಿಡಿ ಕೊಟ್ವಿ, ಕಚ್ಚಿ ಒಂದ್ ನಿಮಿಷ ಮಾತಾಡ್ಲಿಲ್ಲ. ಊಟಕ್ಕೆ ನಾಲ್ಕು. ಫಿಲ್ಟರ್ ಕಾಫಿ ಆಸೆ ಇಟ್ಕೊಂಡ್ ಹೋಗ್ಬೇಡಿ.

ಊಟ ಆದ್ಮೇಲೆ ಎಲ್ರೂ ರೂಮಿಗೆ ಮಲಗೋಕೆ ಹೋದ್ರು, ನಾನೊಬ್ನೇ 22ರ ಒಳಗಡೆ ಕ್ವಾರ್ಟರ್ಸ್ ಸಾಲಲ್ಲಿ ಸುತ್ತಿದೆ. ಯಾವ ಗೈಡೂ ಇದನ್ನ ತೋರ್ಸಲ್ಲ. ಊರಲ್ಲಿ ಮೊದ್ಲು ಎದ್ದ ಸೆಕ್ಟರ್‌ಗಳಲ್ಲಿ ಇದೂ ಒಂದು, ಸರ್ಕಾರಿ ನೌಕರರ ಮನೆಗಳನ್ನ ಫ್ರೈ, ಡ್ರೂ, ಜಾನರೆ ಮೂವರು ಹಂಚ್ಕೊಂಡು ಮಾಡಿದ್ದು. ಮನೆಗೆ 13 ಕೆಟಗರಿ, ಮುಖ್ಯಮಂತ್ರಿಯಿಂದ ಹಿಡ್ದು ಪ್ಯೂನ್ ತನಕ. ಕೊನೆ ಕೆಟಗರಿಯ ಪ್ಯೂನ್ ಮನೆಗೂ ಎರಡು ರೂಮು, ಅಡುಗೆ ಮನೆ, ವರಾಂಡ, ಕಕ್ಕಸು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಗಾರೆ ಮಾಡದ ಇಟ್ಟಿಗೆ ಗೋಡೆ, ನಡುನಡುವೆ ಇಟ್ಟಿಗೆ ಬಿಟ್ಟು ಮಾಡಿದ ಜಾಲಂಧ್ರ, ಅದರೊಳಗಿಂದ ಗಾಳಿ ಬರುತ್ತೆ, ಬಿಸಿಲು ತೂತು ತೂತಾಗಿ ಬೀಳುತ್ತೆ, ಒಂದು ಮನೆ ಜಾಲಂಧ್ರದಲ್ಲಿ ಟೂತ್‌ಬ್ರಷ್ ಸಿಕ್ಕಿಸಿದ್ರು. ನೋಡ್ತಾ ನಿಂತೆ. ನಮ್ಮನೇಲೂ ಹಂಗೇ ಇಡ್ತಿದ್ವಿ.

ಕ್ವಾರ್ಟರ್ಸಲ್ಲಿ ಬೆಳೆದೋರಿಗೆ ಗೊತ್ತಿರುತ್ತೆ ಇದು. ಮನೆ ಸೈಜ್ ನೋಡಿದ್ರೆ ಅಪ್ಪನ ಗ್ರೇಡ್ ಗೊತ್ತಾಗೋದು, ಯಾವ ಲೈನ್ ಹುಡುಗ ಅಂತ ಕೇಳಿ ಆಮೇಲೆ ಆಟಕ್ಕೆ ಸೇರ್ಸ್ಕೊಳ್ಳೋದು, ಸೈರನ್ ಆದ್ರೆ ಊಟ, ಸೈರನ್ ಆದ್ರೆ ನಿದ್ದೆ, ರಿಟೈರ್ ಆದ ಮೇಲೆ ಮನೆ ಬಿಡ್ಬೇಕು, ಅಪ್ಪ ನೆಟ್ಟ ಮಾವಿನ ಗಿಡನೂ ಬಿಟ್ಟು. ಚಂಡೀಗಢನೂ ಅಷ್ಟೇ, ಉತ್ತರದ ಕಡೆ ಸೆಕ್ಟರ್‌ಗಳು, ಬೆಟ್ಟಕ್ಕೆ ಹತ್ರ ಇರೋದು, ದೊಡ್ಡ ದೊಡ್ಡ ಬಂಗ್ಲೆ, ಲಾನು. ದಕ್ಷಿಣಕ್ಕೆ ಇಳಿದಂಗೆಲ್ಲ ಮನೆ ಸಣ್ಣದಾಗ್ತಾ ಜನ ಜಾಸ್ತಿ ಆಗ್ತಾ ಹೋಗ್ತಾರೆ. ಸೆಕ್ಟರ್ ನಂಬರ್ ಹೇಳಿದ್ರೆ ಸಾಕು, ಸಂಬಳ ಹೇಳ್ದಂಗೆ. ಐದು ಲಕ್ಷ ಜನಕ್ಕೆ ಅಂತ ಯೋಚಿಸಿದ ಊರು, 2011ರ ಗಣತೀಲೇ ಹತ್ತೂವರೆ ಲಕ್ಷ ದಾಟಿತ್ತು. ಮಿಕ್ಕೋರು ಮೊಹಾಲಿ, ಪಂಚಕುಲ, ನಾವು ಸಿಕ್ಕಾಕೊಂಡ ಆ ಜೀರಕ್‌ಪುರದಲ್ಲಿ ಇರ್ತಾರೆ, ಬೆಳಿಗ್ಗೆ ಒಳಗೆ ಬಂದು ಸಂಜೆ ಹೊರಗೆ ಹೋಗ್ತಾರೆ. ಆ ಟ್ರಾಫಿಕ್ ಎಲ್ಲಿಂದ ಬಂತು ಅಂತ ನಂಗೆ 22ರಲ್ಲಿ ಅರ್ಥ ಆಯ್ತು.

ಹಂಗಂತ ಬೈತಾ ಇಲ್ಲ. ಯಾರೋ ಬೈದು ಬರ್ದಿದ್ರು, ಆತ್ಮ ಇಲ್ಲದ ಊರು ಅಂತ. ಕ್ವಾರ್ಟರ್ಸ್ ಹುಡುಗ್ರಿಗೂ ಇದೇ ಮಾತು ಹೇಳ್ತಿದ್ರು, ನಿಮಗೆ ಊರೇ ಇಲ್ಲ ಅಂತ. ಸಂಜೆ ಅಲ್ಲಿ ಪಾರ್ಕಲ್ಲಿ ಅಜ್ಜಂದಿರು ಇಸ್ಪೀಟ್ ಆಡ್ತಿದ್ರು, ಹೆಂಗಸರು ಬಟಾಣಿ ಬಿಡಿಸ್ತಾ ಕೂತಿದ್ರು, ಮೈದಾನದಲ್ಲಿ ಬಿದಿರು ಕಟ್ಟಿ ರಾವಣನ್ನ ನಿಲ್ಲಿಸ್ತಾ ಇದ್ರು, ಹತ್ತು ತಲೇಲಿ ನಾಲ್ಕು ಮಾತ್ರ ರೆಡಿ ಆಗಿತ್ತು. ಊರಾಗೋಕೆ ಇನ್ನೇನು ಬೇಕು.

ರಸ್ತೆಗೊಂದು ಜಾತಿ ಮರ ಅಂತ ಲೆಕ್ಕ ಹಾಕಿ ನೆಡಿಸಿದ್ದು ಎಂ.ಎಸ್. ರಂಧಾವ ಅಂತ ಐಸಿಎಸ್ ಅಧಿಕಾರಿ, ಅವರಿಗೆ ಒಂದು ದೊಡ್ಡ ನಮಸ್ಕಾರ. ನಮ್ಮ ಕಕ್ಕೆ ಮರದ ಸಾಲು ಇದೆ ಅಲ್ಲಿ, ಅಕ್ಟೋಬರಲ್ಲಿ ಬರೀ ಕೋಡು ನೇತಾಡ್ತಿತ್ತು, ಹೂವು ನೋಡ್ಬೇಕಂದ್ರೆ ಬೇಸಿಗೇಲೇ ಹೋಗ್ಬೇಕು.

ಸೆಕ್ಟರ್ 10ರ ಮ್ಯೂಸಿಯಂ, ಸೆಕ್ಟರ್ 19ರ ಕಾರ್ಬುಸಿಯೆ ಸೆಂಟರ್ ಬೇಗ ಬೇಗ ನೋಡಿದ್ವಿ. ಸೆಂಟರ್ ಇರೋದು ಅವರು ಕೂತು ಪ್ಲಾನ್ ಮಾಡ್ತಿದ್ದ ಹಳೇ ಆಫೀಸಲ್ಲೇ. ಜಾನರೆ ಮಾಡಿದ ಸಾಗುವಾನಿ ಬೆತ್ತದ ಕುರ್ಚಿಗಳಿವೆ, ಆಫೀಸುಗಳಲ್ಲಿ ಮುರ್ದು ಮೂಲೆಗೆ ಎಸೆದಿದ್ದ ಇಂಥವೇ ಕುರ್ಚಿ ಯೂರೋಪಲ್ಲಿ ಹರಾಜಿಗೆ ಹೋಗಿ ಲಕ್ಷಗಟ್ಟಲೆಗೆ ಮಾರಾಟ ಆಗುತ್ತಂತೆ, ಊರಿನ ಮ್ಯಾಪ್ ಎರಕ ಹೊಯ್ದ ಮ್ಯಾನ್‌ಹೋಲ್ ಮುಚ್ಚಳನೂ ಬಿಟ್ಟಿಲ್ಲ. ನಮ್ ಕಡೆ ಹಳೇ ಐಬಿಗಳಲ್ಲಿ ಎಷ್ಟು ಬೆತ್ತದ ಕುರ್ಚಿ ಕಾಲು ಮುರ್ಕೊಂಡು ಬಿದ್ದಿದೆಯೋ, ಹೆಂಡ್ತಿ ಅದನ್ನೇ ಯೋಚಿಸ್ತಿದ್ಲು. ಮಗ ಆ ಹೊತ್ತಲ್ಲಿ ಮ್ಯಾಪ್ ನೋಡಿ ಒಂದು ಕಂಡ್ಹಿಡ್ದ, 4 ಮತ್ತೆ 9 ಪಕ್ಕ ಪಕ್ಕ, ಕೂಡಿದ್ರೆ 13. 9 ಮತ್ತೆ 17, 26. 17 ಮತ್ತೆ 22, 39. ಎಲ್ಲಾ ಹದಿಮೂರರ ಮಗ್ಗಿ, ಆದ್ರೆ ಹಳೇ ಮ್ಯಾಪಲ್ಲಿ ಸೆಕ್ಟರ್ 13 ಇಲ್ಲವೇ ಇಲ್ಲ, 2020ರಲ್ಲಿ ಮನಿಮಾಜ್ರಾ ಅನ್ನೋ ಏರಿಯಾಗೆ ಆ ನಂಬರ್ ಕೊಟ್ರು.

ಸುಖ್ನಾ ಕೆರೆ ಬೆಳಿಗ್ಗೆ ಆರಕ್ಕೆ ಹೋಗಿ. 1958ರಲ್ಲಿ ಹಳ್ಳಕ್ಕೆ ಕಟ್ಟೆ ಕಟ್ಟಿ ಮಾಡಿದ ಕೆರೆ, ಏರಿ ಮೇಲೆ ಗಾಡಿ ಬಿಡಂಗಿಲ್ಲ, ಎದುರಿಗೆ ಶಿವಾಲಿಕ್ ಬೆಟ್ಟ, ಇಡೀ ಊರು ವಾಕಿಂಗ್ ಬಂದಿರುತ್ತೆ. ಲಿಂಗನಮಕ್ಕಿ ಹಿನ್ನೀರು ನೋಡಿ ಬೆಳೆದ ಹೆಂಡ್ತಿ, "ಇದು ಕೆರೆನಾ, ಹೊಂಡನಾ" ಅಂದ್ಲು, ಆದ್ರೂ ಒಂದೂವರೆ ಗಂಟೆ ಎದ್ದು ಬರ್ಲಿಲ್ಲ.

ಕೊನೇದು ರಾಕ್ ಗಾರ್ಡನ್. ಟಿಕೆಟ್ ಚೀಪು, ಜನ ಜಾಸ್ತಿ, ಕೆಲವು ಕಡೆ ಬಾಗಿಲು ಎಷ್ಟು ಕುಳ್ಳು ಅಂದ್ರೆ ತಲೆ ಬಗ್ಗಿಸ್ಲೇಬೇಕು. ನೇಕ್ ಚಂದ್ ಅಂತ ರೋಡ್ ಇನ್ಸ್‌ಪೆಕ್ಟರ್, ಪಾರ್ಟಿಷನ್‌ನಲ್ಲಿ ಊರು ಬಿಟ್ಟು ಬಂದೋರು, 1957ರಿಂದ ಡ್ಯೂಟಿ ಮುಗಿದ್ಮೇಲೆ ಸೈಕಲಲ್ಲಿ ಒಡಕು ಬಳೆ, ಸಿಂಕು, ಟೈಲ್ಸು, ಕಲ್ಲು ಹೊತ್ಕೊಂಡ್ ಬಂದು ಸರ್ಕಾರಿ ಕಾಡಲ್ಲಿ ಯಾರಿಗೂ ಹೇಳ್ದೇ ಗೊಂಬೆ ಮಾಡ್ತಾ ಹೋದ್ರು. ಅಧಿಕಾರಿಗಳಿಗೆ ಗೊತ್ತಾಗಿದ್ದು 1975ರಲ್ಲಿ, ಕೆಡವ್ಬೇಕು ಅಂದ್ರು, ಕೆಡವ್ಲಿಲ್ಲ, 1976ರಲ್ಲಿ ಜನಕ್ಕೆ ಬಿಟ್ರು. ಈಗ ಸುಮಾರು 40 ಎಕರೆ.

ನಾನು ಇದು ಮಕ್ಕಳ ಜಾಗ ಅಂದ್ಕೊಂಡಿದ್ದೆ. ಬಳೆ ಚೂರಿನ ಗೊಂಬೆ ಸಾಲು ಸಾಲಾಗಿ ನಿಂತಿರೋ ಕಡೆ ಅತ್ತೆ ನಿಂತ್ಬಿಟ್ರು. ಈ ಚೂರೆಲ್ಲ ಎಲ್ಲಿಂದ ಬಂತು ಅಂತ ಕೇಳಿದ್ರು. ಊರು ಕಟ್ಟೋಕೆ ಇಲ್ಲಿದ್ದ ಹಳ್ಳಿಗಳನ್ನ ಕೆಡವಿದ್ರಲ್ಲ, ಆ ಮನೆಗಳದ್ದೂ ಇದೆ ಅಂತ ಓದಿದ್ದನ್ನ ಹೇಳಿದೆ. ಅವರದ್ದು ಮುಳುಗಡೆ ಮನೆತನ, ಶರಾವತಿಗೆ ಡ್ಯಾಂ ಕಟ್ಟಿದಾಗ ಊರು ಬಿಟ್ಟೋರು, ಆಗ ಅವರಿಗೆ ಏಳೋ ಎಂಟೋ ವರ್ಷ. "ನಮ್ದು ಒಂದ್ ಹೆಂಚೂ ಯಾರೂ ಎತ್ತಿಡ್ಲಿಲ್ಲ" ಅಂದ್ರು, ಮುಂದಕ್ಕೆ ನಡೆದ್ರು. ಆಮೇಲೆ ಐಸ್‌ಕ್ರೀಂ ಕೇಳಿದ್ರು. ನಾನು ಸ್ಟಾರ್ ಕೊಡಲ್ಲ ಇದಕ್ಕೆ, ಹೋಗಿ ನೋಡಿ.

ಪ್ರಾಕ್ಟಿಕಲ್ ವಿಷಯ ಇನ್ನೆರಡಿದೆ. ಸೆಕ್ಟರ್ 17 ಪ್ಲಾಜಾ ಕಾರಿಲ್ಲದೆ ನಡೆಯೋ ಜಾಗ, ಸಂಜೆ ಚೆನ್ನಾಗಿದೆ, ಆದ್ರೆ ಶಾಪಿಂಗ್‌ಗೆ ಅಂತ ಹೋಗೋದಾದ್ರೆ 22ರಲ್ಲೇ ಸಸ್ತಾ. ಸಿಗ್ನಲಲ್ಲಿ ಜೀಬ್ರಾ ಗೆರೆ ತುಳೀಬೇಡಿ, ಎಲ್ಲಾ ಕಡೆ ಕ್ಯಾಮೆರಾ, ನಾನು ಅಲ್ಲಿದ್ದ ಎರಡೂವರೆ ದಿನ ಎಷ್ಟು ನೀಟಾಗಿ ಓಡ್ಸಿದೀನಿ ಅಂದ್ರೆ ಹೆಂಡ್ತಿ ವೀಡಿಯೋ ಮಾಡಿ ಇಟ್ಕೊಂಡಿದಾಳೆ. ಕುಲು ಕಡೆ ಹೋಗೋರು ಬೆಳಿಗ್ಗೆ ಐದಕ್ಕೆ ಹೊರಟು ಕಿರಾತ್‌ಪುರ ದಾಟ್ಬಿಡಿ, ಆಮೇಲೆ ಲಾರಿ ಜಾಸ್ತಿ.

ನಾವು ಹಂಗೇ ಐದಕ್ಕೆ ಹೊರಟಿದ್ದಕ್ಕೆ ಕತ್ತಲಲ್ಲಿ ಅಪ್ಪೆಮಿಡಿ ಬಾಟ್ಲಿ ರೂಮಿನ ಕಿಟಕೀಲೇ ಉಳೀತು. ಮಂಡಿ ತಲುಪಿದ ಮೇಲೆ ನೆನಪಾಗಿ ಆ ಹುಡುಗನಿಗೆ ಫೋನ್ ಮಾಡಿದ್ವಿ, ವಾಪಸ್ ಬರುವಾಗ ತಗೊಳ್ತೀವಿ ಎತ್ತಿಡು ಅಂತ. ಹ್ಞಾಂ ಜೀ ಅಂದ. ಒಂದ್ ವಾರ ಬಿಟ್ಟು ಬಂದು ನೋಡಿದ್ರೆ ಬಾಟ್ಲಿ ತೊಳೆದು ಒರೆಸಿ ಇಟ್ಟಿದ್ದ, ಖಾಲಿ.